ಗುಲಾಬಿಯ ಸ್ಲೈಡು ನೋಡಿದ ಮಳೆಗಾಲ

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಭಟ್ಕಳದ ಹತ್ತಿರ ಹೆಬಳೆಯಲ್ಲಿ ಒಂದು ಮದುವೆಮನೆಗೆ ಹೋಗಿದ್ದೆ. ಮದುವೆ ಡಾಕ್ಟರ್ ಸಮೀನಾ ಅವರ ತಂಗಿಯದು. ಒಳಕೋಣೆಯಲ್ಲಿ ಹೆಂಗಸರೆಲ್ಲ ಮದುಮಗಳ ಸುತ್ತ ಕೂತಿದ್ದರು. ಮೆಹಂದಿ ಹಚ್ಚುವ ಮೊದಲು ಅವಳ ಉಗುರಿನ ಹಳೆಯ ಬಣ್ಣ ತೆಗೆಯಬೇಕಿತ್ತು. ಯಾರೋ ಒಂದು ಚಿಕ್ಕ ಬಾಟಲಿಯ ಮುಚ್ಚಳ ತಿರುಗಿಸಿ ಹತ್ತಿಯ ಮೇಲೆ ನಾಲ್ಕು ಹನಿ ಸುರಿದರು. ಅಸಿಟೋನಿನ ಆ ಚುರುಕು ವಾಸನೆ ಮೂಗಿಗೆ ಬಂದದ್ದೇ ತಡ, ಮಡಿಲಲ್ಲಿದ್ದ ನನ್ನ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು. ಒಂದು, ಎರಡು, ಮೂರು, ನಾಲ್ಕು. ಕೋಣೆಯ ಆ ತುದಿಯಲ್ಲಿ ನಿಂತಿದ್ದ ಸಮೀನಾ ಡಾಕ್ಟ್ರು ಅದನ್ನು ನೋಡಿ ನಕ್ಕುಬಿಟ್ಟರು. ಅಷ್ಟು ಜನರಲ್ಲಿ ನಾನು ಎಣಿಸುತ್ತಿದ್ದದ್ದು ಏನು ಎಂದು ಗೊತ್ತಿದ್ದವರು ಅವರೊಬ್ಬರೇ.

ನಾನು ಲ್ಯಾಬ್ ಟೆಕ್ನಿಶಿಯನ್. ಗಾಜಿನ ಸ್ಲೈಡಿನ ಮೇಲೆ ಕ್ರಿಮಿಗಳಿಗೆ ಬಣ್ಣ ಹಾಕುವಾಗ ಒಂದು ಹಂತದಲ್ಲಿ ಅಸಿಟೋನ್ ಸುರಿಯಬೇಕಾಗುತ್ತದೆ. ಕೆಲವೇ ಸೆಕೆಂಡು. ಕಡಿಮೆಯಾದರೆ ಎಲ್ಲವೂ ನೇರಳೆಯಾಗಿ ಉಳಿಯುತ್ತದೆ, ಹೆಚ್ಚಾದರೆ ಇರಬೇಕಾದ ಬಣ್ಣವೂ ತೊಳೆದುಹೋಗುತ್ತದೆ. ಆ ಕೆಲವು ಸೆಕೆಂಡಿನ ಮೇಲೆ ಒಬ್ಬ ಹೆಂಗಸಿನ ಜೀವ ನಿಂತಿತ್ತು ಎಂದರೆ ದೊಡ್ಡ ಮಾತಾದೀತು. ಆದರೆ ಹೊನ್ನಾವರದಲ್ಲಿ ಕಳೆದ ಆ ಒಂದು ಮಳೆಗಾಲದಲ್ಲಿ ನನಗೆ ಹಾಗೆಯೇ ಅನಿಸಿತ್ತು. ಈಗಲೂ ಅನಿಸುತ್ತದೆ.

ನನ್ನ ಊರು ಕುಮಟಾ. ಅಲ್ಲಿನ ಒಂದು ಲ್ಯಾಬಿನಲ್ಲಿ ಇಪ್ಪತ್ತು ವರ್ಷದ ಮೇಲೆ ಕೆಲಸ ಮಾಡಿದ್ದೆ. ಅದರ ಮಾಲೀಕರು ತೀರಿಕೊಂಡ ಮೇಲೆ ಲ್ಯಾಬು ಮುಚ್ಚಿತು. ಐವತ್ತು ದಾಟಿದವಳಿಗೆ ಹೊಸ ಕೆಲಸ ಯಾರು ಕೊಡುತ್ತಾರೆ ಎಂದುಕೊಂಡಿದ್ದಾಗ ಹೊನ್ನಾವರದ ಒಂದು ಸಣ್ಣ ಆಸ್ಪತ್ರೆಯಿಂದ ಕರೆ ಬಂತು. ಇಪ್ಪತ್ತು ಹಾಸಿಗೆಯ ಆಸ್ಪತ್ರೆ. ಮಳೆಗಾಲದಲ್ಲಿ ದಿನಾ ಬಸ್ಸಿಗೆ ಕಾಯುವುದು ಬೇಡವೆಂದು ಅಲ್ಲೇ ಒಂದು ಕೋಣೆ ಹಿಡಿದೆ. ಜೂನ್ ಮೊದಲ ವಾರ ಕೆಲಸಕ್ಕೆ ಸೇರಿದ ದಿನ ಕೊಡೆ ಮಡಚಿ ಒಳಗೆ ಹೋದರೆ ಲ್ಯಾಬಿನ ಅರ್ಧ ಮೇಜನ್ನು ಒಂದು ಬಿಳಿ ಯಂತ್ರ ಆಕ್ರಮಿಸಿಕೊಂಡಿತ್ತು. ರಕ್ತದ ಟ್ಯೂಬನ್ನು ಅದರ ಬಾಯಿಗೆ ಹಿಡಿದರೆ ಸಾಕು, ಒಂದು ನಿಮಿಷದಲ್ಲಿ ಚೀಟಿ ಹೊರಬರುತ್ತಿತ್ತು. ಮೂಲೆಯಲ್ಲಿ ಹಳೆಯ ದಿಂಬಿನ ಚೀಲವೊಂದನ್ನು ಹೊದ್ದುಕೊಂಡು ಮೈಕ್ರೋಸ್ಕೋಪು ಕೂತಿತ್ತು. ಚೀಲ ತೆಗೆದು ನೋಡಿದೆ. ಲೆನ್ಸಿನ ಮೇಲೆ ಬೂಷ್ಟು.

ಅದನ್ನು ಒರೆಸಿ ಮತ್ತೆ ಚೀಲ ಹೊದಿಸಿದೆ. ನಿಜ ಹೇಳಬೇಕೆಂದರೆ ನನಗೂ ಅದರ ಸಹವಾಸ ಬೇಡವಾಗಿತ್ತು. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಸ್ಲೈಡಿನಲ್ಲಿ ಕ್ರಿಮಿ ಇದೆ ಎಂದು ರಿಪೋರ್ಟು ಬರೆದಿದ್ದೆ. ಅದು ಕ್ರಿಮಿಯಾಗಿರಲಿಲ್ಲ, ಹಳೆಯ ಬಣ್ಣದ ಬಾಟಲಿಯ ತಳದಲ್ಲಿ ಕೂತ ಕಸ. ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಆ ರಿಪೋರ್ಟು ಕೇಳಿದ್ದ ಡಾಕ್ಟ್ರು ಎಲ್ಲರೆದುರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: ‘ಬಣ್ಣದ ಕಸಕ್ಕೂ ಬ್ಯಾಕ್ಟೀರಿಯಾಕ್ಕೂ ವ್ಯತ್ಯಾಸ ಗೊತ್ತಿಲ್ದವರು ಲ್ಯಾಬಿಗೆ ಯಾಕೆ ಬರ್ಬೇಕು?’ ಅವತ್ತಿನಿಂದ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಯಿತು. ಯಂತ್ರಗಳು ಬಂದಾಗ ಉಳಿದವರು ಗೊಣಗಿದರು, ನಾನು ಮಾತ್ರ ಒಳಗೊಳಗೇ ಖುಷಿಪಟ್ಟೆ. ಯಂತ್ರದ ಚೀಟಿ ತಪ್ಪಾದರೆ ಬೈಗುಳ ಯಂತ್ರಕ್ಕೆ.

ಜೂನ್ ಮುಗಿಯುವಷ್ಟರಲ್ಲಿ ಇನ್ನೊಂದು ಸುದ್ದಿಯೂ ಬಂತು. ಚೌತಿ ಕಳೆದ ಮೇಲೆ ಎಲ್ಲ ಪರೀಕ್ಷೆಗಳನ್ನೂ ಮಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸುವ ವ್ಯವಸ್ಥೆ ಮಾಡುತ್ತಿದ್ದೇವೆ ಎಂದರು ನಮ್ಮ ಮ್ಯಾನೇಜರು. ದಿನಕ್ಕೊಂದು ಸಲ ಗಾಡಿ ಬಂದು ಸ್ಯಾಂಪಲ್ ತೆಗೆದುಕೊಂಡು ಹೋಗುತ್ತದಂತೆ, ರಿಪೋರ್ಟು ಮೊಬೈಲಿಗೇ ಬರುತ್ತದಂತೆ. ‘ನಿಮ್ಗೂ ಕೆಲಸ ಹಗುರ ಆತು’ ಎಂದರು. ಹಗುರವಾದ ಕೆಲಸ ಎಷ್ಟು ದಿನ ಉಳಿಯುತ್ತದೆ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ಮಳೆ ಹಿಡಿದರೆ ಬಿಡುವ ಹಾಗೇ ಇರಲಿಲ್ಲ. ಶರಾವತಿ ಕೆಂಪಗೆ ತುಂಬಿ ಸೇತುವೆಯ ಕಂಬಗಳಿಗೆ ಸುತ್ತಿಕೊಂಡು ಹರಿಯುತ್ತಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಚಪ್ಪಲಿ ಒಣಗಿದ್ದೇ ಇಲ್ಲ. ಬಂದವರಿಗೆಲ್ಲ ಜ್ವರ. ಗದ್ದೆಯಲ್ಲಿ ನಿಂತು ಬಂದವರಿಗೆ, ಬಂದರಿನಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದ ಭಯ. ಡೆಂಗಿ, ಮಲೇರಿಯಾ, ಇಲಿಜ್ವರ ಎಂದು ಮೂರು ಪರೀಕ್ಷೆ ಬರೆದ ಚೀಟಿಗಳು ಬೆಳಗಿನಿಂದ ಸಂಜೆಯವರೆಗೆ ನನ್ನ ಕಿಟಕಿಗೆ ಬಂದು ಬೀಳುತ್ತಿದ್ದವು. ಟ್ಯೂಬು ಯಂತ್ರಕ್ಕೆ, ಒಂದು ಹನಿ ಪರೀಕ್ಷೆಯ ಕಾರ್ಡಿಗೆ, ಚೀಟಿ ರೋಗಿಗೆ. ಹೀಗೇ ನಡೆಯುತ್ತಿತ್ತು.

ಆಗ ಸಮೀನಾ ಡಾಕ್ಟ್ರು ಬಂದರು. ಮೂವತ್ತು ಕೂಡ ಆಗಿರದ ಹುಡುಗಿ. ಭಟ್ಕಳದ ನವಾಯತ ಮುಸ್ಲಿಮರ ಮನೆಯವರು, ಎಂ.ಡಿ. ಮುಗಿಸಿ ಇದೇ ಮೊದಲ ಕೆಲಸ. ಅವರು ಚೀಟಿ ಬರೆದು ಸುಮ್ಮನಾಗುವವರಲ್ಲ. ಬಂದ ಎರಡನೇ ದಿನವೇ ಲ್ಯಾಬಿಗೆ ಬಂದು, ‘ಸುಮತಿಯಕ್ಕ, ಈ ಪೇಶೆಂಟಿನ ರಕ್ತ ಸ್ಲೈಡಲ್ಲಿ ನೋಡಿದ್ರಾ?’ ಎಂದು ಕೇಳಿದರು. ಯಂತ್ರದ ಚೀಟಿ ತೋರಿಸಿದೆ. ‘ಇದು ಸರಿ. ನೀವು ನೋಡಿದ್ರಾ?’ ಎಂದರು. ನನಗೆ ಸಿಟ್ಟು ಬಂತು. ನೆವ ಹೇಳಿ ಎರಡು ದಿನ ತಪ್ಪಿಸಿಕೊಂಡೆ. ಮೂರನೇ ದಿನ ಅವರೇ ಬಂದು ದಿಂಬಿನ ಚೀಲ ತೆಗೆದು ಮಡಚಿ ಬದಿಗಿಟ್ಟರು. ಆಮೇಲೆ ದಿನಕ್ಕೆ ಒಂದೆರಡು ಸ್ಲೈಡು ನೋಡಲೇಬೇಕಾಯಿತು. ನಾನು ನೋಡುತ್ತಿದ್ದೆ. ರಿಪೋರ್ಟಿನಲ್ಲಿ ಮಾತ್ರ ಯಂತ್ರ ಹೇಳಿದ್ದನ್ನೇ ಬರೆಯುತ್ತಿದ್ದೆ.

ಜುಲೈ ನಡುವಿನ ಒಂದು ಬೆಳಿಗ್ಗೆ. ಒಂಬತ್ತು ಗಂಟೆ ಇರಬೇಕು. ಮಾವಿನಕುರ್ವೆಯಿಂದ ಗುಲಾಬಿಯನ್ನು ಕರೆತಂದರು. ನಲವತ್ತರ ಆಚೀಚಿನ ಹೆಂಗಸು, ಮೀನು ಮಾರುವವಳು. ಗಂಡ ಸಮುದ್ರಕ್ಕೆ ಹೋದವನು ತಿರುಗಿ ಬರದೆ ಆರೇಳು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ ದೇವಕಿ ಮತ್ತು ಎಂಟನೇ ತರಗತಿಯ ಮಗಳು ಪೂಜಾ. ಕರೆತಂದವಳು ದೇವಕಿಯೇ. ಎಪ್ಪತ್ತರ ಮುದುಕಿ, ಸೊಸೆಯನ್ನು ಆಟೋದಿಂದ ಇಳಿಸಲು ಯಾರಿಗೂ ಕಾಯಲಿಲ್ಲ, ಕಂಕುಳಿಗೆ ತೋಳು ಕೊಟ್ಟು ತಾನೇ ಎಳೆದಳು.

ಒಂದು ವಾರದಿಂದ ಗುಲಾಬಿಗೆ ಕೆಮ್ಮು, ಜ್ವರ, ಎಡ ಪಕ್ಕೆಯಲ್ಲಿ ಚುಚ್ಚುವ ನೋವು. ಮಳೆಗಾಲದ ಕೆಮ್ಮು ಎಂದು ಅಂಗಡಿಯ ಗುಳಿಗೆ ನುಂಗಿ, ಒಣಮೀನಿನ ಬುಟ್ಟಿ ಹೊತ್ತು ತಿರುಗಿದ್ದಳು. ಹಿಂದಿನ ದಿನ ತಲೆನೋವು ಶುರುವಾಯಿತು. ಆ ಬೆಳಿಗ್ಗೆ ವಾಂತಿ ಮಾಡಿಕೊಂಡಳು, ಕಿಟಕಿಯ ಬೆಳಕು ಕಂಡರೆ ಮುಖ ತಿರುಗಿಸಿದಳು. ಮಗಳು ನೀರು ತಂದರೆ ನೀನು ಯಾರು ಎಂದು ಕೇಳಿದಳಂತೆ. ಅಲ್ಲಿಗೆ ದೇವಕಿ ಎದ್ದು ಆಟೋ ಕರೆಸಿದ್ದಳು.

ರಾತ್ರಿ ಪಾಳಿ ಮುಗಿಸಿ ಹೊರಡುತ್ತಿದ್ದ ಇನ್ನೊಬ್ಬ ಡಾಕ್ಟ್ರು ಮಾಮೂಲಿನಂತೆ ಮೂರು ಜ್ವರದ ಪರೀಕ್ಷೆ ಬರೆದಿದ್ದರು. ರಕ್ತ ತೆಗೆಯಲು ನಾನು ವಾರ್ಡಿಗೆ ಹೋದಾಗ ಸಮೀನಾ ಡಾಕ್ಟ್ರು ಹಾಸಿಗೆಯ ಪಕ್ಕದಲ್ಲಿದ್ದರು. ಗುಲಾಬಿಯ ತಲೆಯ ಕೆಳಗೆ ಕೈ ಕೊಟ್ಟು ಮೆಲ್ಲಗೆ ಎತ್ತಿದರು. ಗಲ್ಲ ಎದೆಯ ಕಡೆ ಬಗ್ಗಬೇಕಿತ್ತು. ಬಗ್ಗಲಿಲ್ಲ. ಹಲಗೆ ಎತ್ತಿದ ಹಾಗೆ ಭುಜವೂ ಜೊತೆಗೆ ಎದ್ದಿತು, ಮೊಣಕಾಲುಗಳು ತಾವಾಗಿ ಮೇಲೆ ಮಡಚಿದವು. ಡಾಕ್ಟ್ರ ಮುಖ ನೋಡಿದೆ. ಅವರು ನನ್ನನ್ನು ನೋಡದೆ ಹೇಳಿದರು: ‘ಸುಮತಿಯಕ್ಕ, ಕಲ್ಚರ್ ಬಾಟ್ಲಿಗೆ ರಕ್ತ ತೆಗೀರಿ. ತೆಗ್ದ ಕೂಡ್ಲೇ ನಾನು ಇಂಜೆಕ್ಷನ್ ಕೊಡ್ತೇನೆ. ರಿಪೋರ್ಟಿಗೆ ಕಾಯುದಿಲ್ಲ.’ ಆ ಬಾಟಲಿಯಲ್ಲಿ ರಕ್ತದ ಕ್ರಿಮಿಯನ್ನು ಬೆಳೆಸಿ ಗುರುತಿಸುತ್ತಾರೆ, ಅದಕ್ಕೆ ದಿನಗಟ್ಟಲೆ ಬೇಕು.

ಮೆನಿಂಜೈಟಿಸ್ ಎನ್ನುವ ಮಾತನ್ನು ಅವರು ಹೊರಗೆ ಬಂದ ಮೇಲೆ ಆಡಿದರು. ಮಿದುಳಿನ ಸುತ್ತಲಿನ ಪೊರೆಗೆ ಕ್ರಿಮಿ ತಗಲುವ ಕಾಯಿಲೆ. ಜನ ಮೆದುಳು ಜ್ವರ ಎನ್ನುತ್ತಾರೆ. ಮಂಗಳೂರಿನ ಕಡೆಯ ದೊಡ್ಡ ಆಸ್ಪತ್ರೆಗೆ ಕಳಿಸುವುದೇ ಸರಿ ಎಂದು ಆಂಬುಲೆನ್ಸಿಗೆ ಫೋನು ಮಾಡಿದರೆ, ಭಟ್ಕಳದ ಕಡೆಯ ಹೆದ್ದಾರಿಗೆ ಬೆಳಗಿನ ಜಾವ ಗುಡ್ಡ ಜರಿದು ಎರಡೂ ಕಡೆ ಲಾರಿ ನಿಂತಿವೆ ಎಂದರು. ಘಟ್ಟ ಹತ್ತುವ ದಾರಿಯಲ್ಲೂ ಮರ ಬಿದ್ದಿತ್ತು, ಕುಮಟಾದ ಕಡೆ ರಸ್ತೆಯಿದ್ದರೂ ಇಂಥ ಕಾಯಿಲೆ ನೋಡುವ ದೊಡ್ಡ ಆಸ್ಪತ್ರೆ ಹತ್ತಿರದಲ್ಲಿರಲಿಲ್ಲ. ಮಣ್ಣು ತೆಗೆಯಲು ಸಂಜೆಯಾದೀತು, ನಾಳೆಯೂ ಆದೀತು. ಡಾಕ್ಟ್ರು ಆ ದೊಡ್ಡ ಆಸ್ಪತ್ರೆಯಲ್ಲಿದ್ದ ತಮ್ಮ ಗುರುಗಳಿಗೆ ಫೋನು ಮಾಡಿದರು. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು, ಗುಲಾಬಿಯ ಕಣ್ಣಿನ ಒಳಭಾಗವನ್ನು ದೀಪ ಹಿಡಿದು ನೋಡಿ ಬಂದು ಮತ್ತೆ ಹೇಳಿದರು. ಕೊನೆಗೆ ಅವರಿಬ್ಬರೂ ಒಪ್ಪಿದ ಮಾತು ಇಷ್ಟು: ಮೊದಲ ಡೋಸು ಕೊಟ್ಟಾಗಿದೆ, ಈಗ ಬೆನ್ನಿನಿಂದ ನೀರು ತೆಗೆದು ನೋಡಬೇಕು. ಮಿದುಳು, ಬೆನ್ನುಹುರಿಗಳ ಸುತ್ತ ಇರುವ ನೀರು ಅದು. ಕ್ರಿಮಿ ಇದ್ದರೆ ಅದರಲ್ಲಿ ಸಿಗುತ್ತದೆ. ಯಾವ ಕ್ರಿಮಿ ಎಂದು ತಿಳಿದರೆ ಯಾವ ಔಷಧ, ಎಷ್ಟು ದಿನ, ಮನೆಯವರಿಗೂ ಗುಳಿಗೆ ಕೊಡಬೇಕೇ ಎಂಬುದೆಲ್ಲ ತಿಳಿಯುತ್ತದೆ.

ದೇವಕಿ ಒಪ್ಪಲಿಲ್ಲ. ಅವರ ಕೇರಿಯಲ್ಲಿ ಒಬ್ಬನಿಗೆ ಬೆನ್ನಿಗೆ ಸೂಜಿ ಹಾಕಿದ ಮೇಲೆ ಅವನು ಎದ್ದು ನಡೆಯಲೇ ಇಲ್ಲವಂತೆ. ‘ನಂಗೆ ಮಗ ಇಲ್ಲ. ಇವಳ ಸೊಂಟ ಬಿದ್ರೆ ನಾವು ಮೂರೂ ಹೆಂಗಸ್ರು ಎಂತ ಮಾಡುದು?’ ಎಂದಳು. ಕೂಗಲಿಲ್ಲ, ಅಳಲಿಲ್ಲ. ಸೊಸೆಯ ಹಾಸಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು, ಯಾರೂ ದಾಟಿ ಹೋಗಬಾರದು ಎನ್ನುವ ಹಾಗೆ.

ಸಮೀನಾ ಡಾಕ್ಟ್ರು ಅವಳೆದುರು ನೆಲಕ್ಕೇ ಕೂತರು. ಕನ್ನಡದಲ್ಲಿ ಶುರುಮಾಡಿದವರು ಎರಡು ಮಾತಿಗೆ ನಿಲ್ಲಿಸಿ ತಮ್ಮ ಮನೆಯ ನವಾಯತಿಗೆ ಹೊರಳಿದರು. ದೇವಕಿ ಕೊಂಕಣಿಯವಳು. ಎರಡೂ ಅಕ್ಕತಂಗಿ ಭಾಷೆ. ಮುದುಕಿ ಮೊದಲ ಬಾರಿಗೆ ತಲೆಯೆತ್ತಿದಳು. ನನಗೆ ಅರ್ಧಂಬರ್ಧ ತಿಳಿಯಿತು. ಶ್ವಾಸಕೋಶದಲ್ಲಿ ಕೂತಿದ್ದ ಕ್ರಿಮಿ ರಕ್ತಕ್ಕೆ ಇಳಿದಿದೆ, ರಕ್ತ ಹೋದಲ್ಲೆಲ್ಲ ಅದೂ ಹೋಗುತ್ತದೆ, ಈಗ ತಲೆಯ ಒಳಗಿನ ಪೊರೆಗೆ ಮುಟ್ಟಿದೆ ಎಂದರು. ಸೂಜಿ ಹಾಕುವ ಜಾಗದಲ್ಲಿ ಬೆನ್ನುಹುರಿ ಇರುವುದಿಲ್ಲ, ಅದು ಮೇಲೇ ಮುಗಿದಿರುತ್ತದೆ, ಅಲ್ಲಿ ಬರೀ ನೀರು ಎಂದರು. ದೇವಕಿ ಎಲ್ಲ ಕೇಳಿದಳು. ಕೇಳಿ, ಸೂಜಿ ಹಾಕಿಸಿಕೊಂಡು ನಡೆದವರನ್ನು ತಾನು ನೋಡಿಲ್ಲ ಎಂದಳು.

ಆ ಮಾತು ನನಗೆ ತಿಳಿಯಿತು. ರಕ್ತದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಲ್ಯಾಬಿನವಳಿಗೆ ವಾರ್ಡಿನ ಮಾತಿನಲ್ಲಿ ಕೆಲಸವಿಲ್ಲ. ಆದರೂ ಟ್ರೇ ಕೆಳಗಿಟ್ಟು ಹೋದೆ.

‘ದೇವಕಿಯಮ್ಮ, ನನ್ನ ನೋಡಿ. ಮಗಳು ಹುಟ್ಟುವಾಗ ಆಪರೇಶನ್ ಮಾಡುಕೆ ನಂಗೂ ಅಲ್ಲೇ ಸೂಜಿ ಹಾಕಿದ್ರು. ಮಗಳಿಗೆ ಈಗ ಇಪ್ಪತ್ತಾರು ವರ್ಷ.’

ಸೆರಗು ಸರಿಸಿ ಸೊಂಟದ ಮೇಲಿನ ಆ ಜಾಗವನ್ನು ಬೆರಳಿಟ್ಟು ತೋರಿಸಿದೆ. ಆಮೇಲೆ ಏನು ತೋಚಿತೋ, ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೈಯೂರದೆ ಎದ್ದು ನಿಂತೆ. ಮತ್ತೊಮ್ಮೆ ಕೂತು ಎದ್ದೆ. ಐವತ್ತೆರಡರ ಮೊಣಕಾಲು ಕಟಕಟ ಅಂದವು. ನರ್ಸಮ್ಮ ನಗು ತಡೆದುಕೊಂಡು ಆಚೆ ತಿರುಗಿದರು. ದೇವಕಿ ನಗಲಿಲ್ಲ. ನನ್ನ ಕಾಲನ್ನು, ಸೊಂಟವನ್ನು ಹಸಿ ಮೀನು ನೋಡುವ ಹಾಗೆ ನೋಡಿದಳು. ಆಮೇಲೆ ಎದ್ದು ಗೋಡೆಯ ಕಡೆ ಸರಿದಳು.

‘ಮಾಡಿ’ ಎಂದಳು.

ಹನ್ನೊಂದು ಗಂಟೆಯ ಸುಮಾರಿಗೆ ಡಾಕ್ಟ್ರು ತಾವೇ ಲ್ಯಾಬಿಗೆ ಬಂದರು. ಅಂಗೈಯಲ್ಲಿ ಮೂರು ಚಿಕ್ಕ ಟ್ಯೂಬು. ಆ ನೀರು ಆರೋಗ್ಯವಂತರಲ್ಲಿ ಬಾವಿಯ ತಿಳಿನೀರಿನ ಹಾಗಿರುತ್ತದೆ, ಟ್ಯೂಬಿನ ಆಚೆಯ ಅಕ್ಷರ ಓದಬಹುದು. ಇದು ಅಕ್ಕಿ ತೊಳೆದ ನೀರಿನ ಹಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡಿದೆವು.

‘ಗ್ರಾಮ್ ಸ್ಟೇನ್ ಮಾಡಿ ಎಷ್ಟು ದಿನ ಆತು?’ ಎಂದು ಕೇಳಿದರು.

ಕ್ರಿಮಿಗೆ ಬಣ್ಣ ಹಾಕಿ ದಿನ ಅಲ್ಲ, ವರ್ಷಗಳೇ ಆದವು ಎಂದೆ.

‘ಕೈಗೆ ನೆನಪಿರ್ತದೆ’ ಎಂದು ಹೇಳಿ ವಾರ್ಡಿಗೆ ಹೋದರು.

ಬಣ್ಣದ ಬಾಟಲಿಗಳು ಕಪಾಟಿನ ಕೆಳಗಿನ ಖಾನೆಯಲ್ಲಿದ್ದವು. ನೇರಳೆ ಬಣ್ಣದ ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ತಳದಲ್ಲಿ ಕಪ್ಪಗೆ ಕಸ ಕೂತಿತ್ತು. ನನ್ನನ್ನು ಇಪ್ಪತ್ತು ವರ್ಷ ಹೆದರಿಸಿದ ಅದೇ ಕಸ. ಸೋಸುವ ಕಾಗದವನ್ನು ಮಡಚಿ ಅದರಲ್ಲಿ ಎರಡು ಸಲ ಸೋಸಿದೆ. ಟ್ಯೂಬನ್ನು ತಿರುಗುಯಂತ್ರಕ್ಕೆ ಹಾಕಿ ತಿರುಗಿಸಿ, ತಳಕ್ಕಿಳಿದ ಹನಿಯನ್ನು ಎರಡು ಸ್ಲೈಡಿನ ಮೇಲೆ ಹರಡಿದೆ. ಮೂರನೆಯ ಸ್ಲೈಡಿಗೆ ನನ್ನದೇ ಹಲ್ಲಿನ ಸಂದಿಯಿಂದ ಕಡ್ಡಿಯಲ್ಲಿ ಕೆರೆದು ಹಚ್ಚಿದೆ. ನಮ್ಮ ಬಾಯಲ್ಲಿ ನೇರಳೆಯಾಗಿ ಉಳಿಯುವ ಕ್ರಿಮಿಯೂ ಇರುತ್ತದೆ, ಕೆಂಪಗಾಗುವುದೂ ಇರುತ್ತದೆ. ಅವೆರಡೂ ಬೇರೆಬೇರೆಯಾಗಿ ಕಂಡರೆ ಬಣ್ಣ ಹಾಕಿದ್ದು ಸರಿಯಾಗಿದೆ ಎಂದು ಅರ್ಥ. ಕುಮಟಾದಲ್ಲಿ ಕೆಲಸ ಕಲಿಸಿದ ಹಿರಿಯರೊಬ್ಬರು ಹೇಳಿಕೊಟ್ಟ ಉಪಾಯ ಅದು.

ಸ್ಲೈಡುಗಳನ್ನು ಉರಿಯ ಮೇಲೆ ಆಡಿಸಿ ಒಣಗಿಸಿದೆ. ನೇರಳೆ ಬಣ್ಣ, ಒಂದು ನಿಮಿಷ. ತೊಳೆದು ಅಯೋಡಿನ್, ಇನ್ನೊಂದು ನಿಮಿಷ. ಆಮೇಲೆ ಅಸಿಟೋನ್. ಬಾಟಲಿ ಬಗ್ಗಿಸಿ ಎಣಿಸಿದೆ. ಒಂದು, ಎರಡು, ಮೂರು. ಸ್ಲೈಡಿನಿಂದ ನೇರಳೆ ನೀರು ಇಳಿದು, ತೆಳುವಾಗಿ, ನಿಂತಿತು. ತಕ್ಷಣ ನಲ್ಲಿಯ ಕೆಳಗೆ ಹಿಡಿದೆ. ಕೊನೆಗೆ ಕೆಂಪು. ಹೊರಗೆ ಮಳೆ ಎಷ್ಟು ಜೋರಿತ್ತೆಂದರೆ ನಲ್ಲಿಯ ನೀರು ನಿಲ್ಲಿಸಿದ್ದು ಕಿವಿಗೆ ತಿಳಿಯಲಿಲ್ಲ.

ಮೊದಲು ನನ್ನ ಬಾಯಿಯ ಸ್ಲೈಡು ನೋಡಿದೆ. ನೇರಳೆ ನೇರಳೆಯಾಗಿತ್ತು, ಕೆಂಪು ಕೆಂಪಾಗಿತ್ತು. ಆಮೇಲೆ ಗುಲಾಬಿಯ ಸ್ಲೈಡಿಗೆ ಎಣ್ಣೆಯ ಹನಿ ಬಿಟ್ಟು ಲೆನ್ಸ್ ಇಳಿಸಿದೆ. ಮೊದಲು ಕಂಡದ್ದು ಕೀವಿನ ಕಣಗಳು, ಕೆಂಪು ಕೆಂಪಾಗಿ ಗುಂಪುಗುಂಪಾಗಿ. ಮೆಲ್ಲಗೆ ಸರಿಸಿದೆ. ಅವುಗಳ ನಡುವೆ ಎರಡು ನೇರಳೆ ಚುಕ್ಕೆ. ಒಂದಕ್ಕೊಂದು ತಾಗಿ ಕೂತಿದ್ದವು. ಕಸವಿರಬಹುದು ಎಂದುಕೊಂಡು ಇನ್ನೂ ಸರಿಸಿದೆ. ಮತ್ತೊಂದು ಜೋಡಿ. ಮತ್ತೆ ಮೂರು ಜೋಡಿ. ಎಲ್ಲವೂ ಒಂದೇ ಅಳತೆ, ಹೊರತುದಿ ಅಕ್ಕಿಕಾಳಿನ ಹಾಗೆ ಚೂಪು, ಸುತ್ತ ತೆಳ್ಳಗೆ ಬೆಳ್ಳನೆಯ ಬಳೆ. ಕಸಕ್ಕೆ ಅಳತೆ ಇರುವುದಿಲ್ಲ. ಕಸ ಜೋಡಿಯಾಗಿ ಕೂರುವುದಿಲ್ಲ. ಎರಡನೆಯ ಸ್ಲೈಡು ನೋಡಿದೆ. ಅಲ್ಲೂ ಹಾಗೇ. ಕಣ್ಣೆತ್ತಿ ಗೋಡೆ ನೋಡಿ, ಮತ್ತೆ ಬಗ್ಗಿ ನೋಡಿದೆ. ಅಲ್ಲೇ ಇದ್ದವು.

ಡಾಕ್ಟ್ರನ್ನು ಕರೆದೆ. ಅವರು ನಿಂತುಕೊಂಡೇ ಬಗ್ಗಿ, ಬಹಳ ಹೊತ್ತು ನೋಡಿದರು. ಏನಾದರೂ ಹೇಳುತ್ತಾರೆ ಎಂದು ಕಾದೆ. ತಲೆಯೆತ್ತಿ ನನ್ನನ್ನೇ ಕೇಳಿದರು.

‘ನೀವು ಹೇಳಿ ಸುಮತಿಯಕ್ಕ. ಎಂತ ಕಾಣ್ತದೆ?’

‘ಗ್ರಾಮ್ ಪಾಸಿಟಿವ್. ಜೋಡಿ ಕಾಕಸ್. ನ್ಯುಮೋಕಾಕಸ್ ಹಾಂಗೆ ಕಾಣ್ತದೆ’ ಎಂದೆ. ನೇರಳೆಯಾಗಿ ಉಳಿಯುವ ಗುಂಡು ಕ್ರಿಮಿಯ ಜೋಡಿ, ನ್ಯುಮೋನಿಯಾ ತರುವಂಥದ್ದು. ಆಮೇಲೆ ಅವರು ಕೇಳದೆಯೂ ಹೇಳಿದೆ: ‘ಬಣ್ಣದ ಕಸ ಅಲ್ಲ.’

‘ಹಾಂಗೇ ಬರೀರಿ. ಕೆಳಗೆ ನಿಮ್ಮ ಸೈನ್ ಹಾಕಿ’ ಎಂದರು.

ಬರೆದೆ. ಅಕ್ಷರ ನೆಟ್ಟಗೆ ಬಂತು. ಯಂತ್ರಗಳು ಬಂದ ಮೇಲೆ ಅವುಗಳ ಚೀಟಿ ನೋಡದೆ ನಾನು ಸಹಿ ಮಾಡಿದ ಮೊದಲ ರಿಪೋರ್ಟು ಅದು.

ಮೊಬೈಲಿನ ಕ್ಯಾಮರಾವನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಹಿಡಿದು ಫೋಟೋ ತೆಗೆದು ಗುರುಗಳಿಗೆ ಕಳಿಸಿದರು. ಐದು ನಿಮಿಷದಲ್ಲಿ ಫೋನು ಬಂತು. ಇಂಥ ಕ್ರಿಮಿಯಲ್ಲಿ ಕೆಲವಕ್ಕೆ ಮೊದಲ ಇಂಜೆಕ್ಷನ್ ತಟ್ಟುವುದಿಲ್ಲ, ಇನ್ನೊಂದು ಔಷಧವೂ ಬೇಕು, ಮೊದಲನೆಯದರ ಡೋಸೂ ಸಾಮಾನ್ಯ ಜ್ವರಕ್ಕೆ ಕೊಡುವುದರ ಎರಡರಷ್ಟು ಇರಲಿ ಎಂದರಂತೆ. ಫೋನು ಇಡುವ ಮೊದಲು ಸ್ಲೈಡು ಮಾಡಿದ್ದು ಯಾರು ಎಂದು ಕೇಳಿದರಂತೆ. ‘ನಮ್ಮ ಸುಮತಿಯಕ್ಕ’ ಎಂದು ಡಾಕ್ಟ್ರು ಹೇಳಿದ್ದು ನನ್ನ ಕಿವಿಗೇ ಬಿತ್ತು. ಟ್ಯೂಬು ತೊಳೆಯುವ ನೆವದಲ್ಲಿ ಆಚೆ ತಿರುಗಿದೆ.

ಆ ಎರಡನೇ ಔಷಧ ಹೊನ್ನಾವರದ ಯಾವ ಅಂಗಡಿಯಲ್ಲೂ ಇರಲಿಲ್ಲ. ಕುಮಟಾದಲ್ಲಿ ನನಗೆ ಹಳೆಯ ಪರಿಚಯದ ಮೆಡಿಕಲ್ ಶಾಪಿತ್ತು, ಆ ಕಡೆಯ ರಸ್ತೆ ಸರಿಯಿತ್ತು. ಫೋನು ಮಾಡಿದೆ. ಅವರು ಡಬ್ಬಿ ಕಟ್ಟಿ ಹೊನ್ನಾವರಕ್ಕೆ ಹೊರಟಿದ್ದ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರು. ಒಂದೂವರೆಗೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಕಂಡಕ್ಟರು ಆ ಡಬ್ಬಿಯನ್ನು ಟಿಕೆಟಿನ ಚೀಲದಲ್ಲಿಟ್ಟು ಒದ್ದೆಯಾಗದ ಹಾಗೆ ತಂದಿದ್ದರು. ಯಾರಿಗೆ, ಎಂತಕ್ಕೆ ಎಂದು ಕೇಳಿದರು, ಹೇಳಿದೆ. ‘ಬೇಗ ಹೋಗಿ’ ಎಂದರು.

ಅಷ್ಟರಲ್ಲಿ ಮಾವಿನಕುರ್ವೆಯಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಗುಲಾಬಿಗೆ ಮೆದುಳು ಜ್ವರ, ಅದು ಗಾಳಿಯಲ್ಲಿ ಹರಡುತ್ತದೆ ಎಂದು. ಪಕ್ಕದ ಮನೆಯಲ್ಲಿ ಬಿಟ್ಟುಬಂದಿದ್ದ ಪೂಜಾಳನ್ನು ಜಗುಲಿಯಲ್ಲೇ ಕೂರಿಸಿದ್ದರಂತೆ, ಶಾಲೆಗೂ ಕಳಿಸಿರಲಿಲ್ಲ. ಆಶಾ ಕಾರ್ಯಕರ್ತೆ ಫೋನು ಮಾಡಿ ಕೇರಿಗೆಲ್ಲ ಗುಳಿಗೆ ಹಂಚಬೇಕೇ ಎಂದು ಕೇಳಿದಳು. ಮೆನಿಂಜೈಟಿಸ್ ತರುವ ಇನ್ನೊಂದು ಕ್ರಿಮಿ ಇದೆ. ಅದೂ ಜೋಡಿಯಾಗಿಯೇ ಕಾಣುತ್ತದೆ, ಆದರೆ ಕೆಂಪಗೆ. ಅದಾಗಿದ್ದರೆ ಮನೆಯವರಿಗೆಲ್ಲ ಗುಳಿಗೆ ಕೊಡಲೇಬೇಕಿತ್ತು. ಇದು ನೇರಳೆ. ಡಾಕ್ಟ್ರು ನನ್ನ ರಿಪೋರ್ಟು ಕೈಯಲ್ಲಿ ಹಿಡಿದುಕೊಂಡೇ ಅವಳಿಗೆ ವಿವರಿಸಿದರು. ಇದು ಕೇರಿಗೆ ಹರಡುವ ಜಾತಿಯಲ್ಲ, ಗುಳಿಗೆ ಬೇಡ, ಮಗುವನ್ನು ಒಳಗೆ ಕರೆದು ಊಟ ಹಾಕಿ, ನಾಳೆ ಶಾಲೆಗೆ ಕಳಿಸಿ ಎಂದರು. ಅಸಿಟೋನನ್ನು ನಾಲ್ಕು ಸೆಕೆಂಡು ಹೆಚ್ಚು ಸುರಿದಿದ್ದರೆ ನೇರಳೆ ಹೋಗಿ ಕೆಂಪಾಗುತ್ತಿತ್ತು. ಆ ಮಗು ಜಗುಲಿಯಲ್ಲೇ ಉಳಿಯುತ್ತಿತ್ತು.

ಹೆದ್ದಾರಿ ತೆರೆಯಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಗುಲಾಬಿಯ ಜ್ವರ ಇಳಿಮುಖವಾಗಿತ್ತು. ಈಗ ಅಲುಗಾಡಿಸುವುದಕ್ಕಿಂತ ಇಲ್ಲೇ ಇರಲಿ ಎಂದರು ಗುರುಗಳು. ಸಮೀನಾ ಡಾಕ್ಟ್ರಿಗೆ ಆ ಎರಡು ದಿನ ಮನೆಗೆ ಹೋಗಲೂ ಆಗಿರಲಿಲ್ಲ. ಅವರ ತಾಯಿ ಭಟ್ಕಳದಿಂದ ಊಟದ ಹೊತ್ತಿಗೆ ತಪ್ಪದೆ ಫೋನು ಮಾಡಿ ಏನು ತಿಂದೆ ಎಂದು ಕೇಳುತ್ತಿದ್ದರು. ನಾನು ತಂದ ಗಂಜಿ, ಉಪ್ಪಿನಕಾಯಿಯನ್ನೇ ಡಾಕ್ಟ್ರು ಬಿರಿಯಾನಿ ಎಂದು ಸುಳ್ಳು ಹೇಳುತ್ತಿದ್ದರು.

ಮೂರನೇ ದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆದಾಗ ದೇವಕಿ ಹೊರಗೆ ನಿಂತಿದ್ದಳು. ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ.

‘ಕಣ್ಣು ಬಿಟ್ಟಳು ತಂಗಿ. ಪೂಜಾ ಶಾಲೆಗೆ ಹೋತಾ ಅಂತ ಕೇಳಿದ್ಲು’ ಎಂದಳು.

ಅಷ್ಟು ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತಳು. ಮೂರು ದಿನದಲ್ಲಿ ಮೊದಲ ಬಾರಿಗೆ ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಂಡು, ಸೊಸೆಯನ್ನು ಬೀಳಿಸಿದ್ದನ್ನು ತನಗೂ ತೋರಿಸು ಎಂದಳು. ಸ್ಲೈಡು ಇಟ್ಟು, ಸ್ಟೂಲು ಎಳೆದು ಕೂರಿಸಿದೆ. ಒಂದು ಕಣ್ಣು ಮುಚ್ಚಿ ನೋಡಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ನೇರಳೆ ಜೋಡಿಗಳು ಕಂಡಾಗ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

‘ಇಷ್ಟು ಸಣ್ಣದಾ?’ ಎಂದಳು. ಆಮೇಲೆ ನನ್ನತ್ತ ತಿರುಗಿ, ‘ಇದ ಹಿಡುಕೆ ಎಂಥಾ ಬಲೆ ಹಾಕಿದ್ಯೆ?’ ಎಂದು ಕೇಳಿದಳು.

ಇಪ್ಪತ್ತು ವರ್ಷದ ಕೆಲಸದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಾಟಲಿಗಳನ್ನು ಒಂದೊಂದಾಗಿ ಎತ್ತಿ ತೋರಿಸಿದೆ. ಅವಳು ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು ನೋಡಿ ವಾಪಸು ಕೊಟ್ಟಳು.

ವಾರದ ಮೇಲೆ ಮಂಗಳೂರಿನಿಂದ ರಕ್ತದ ಕಲ್ಚರ್ ರಿಪೋರ್ಟು ಬಂತು. ನಾನು ಬರೆದ ಹೆಸರೇ ಅದರಲ್ಲೂ ಇತ್ತು. ಡಾಕ್ಟ್ರು ಎರಡೂ ಕಾಗದವನ್ನು ಮ್ಯಾನೇಜರ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ಒಂದರಲ್ಲಿ ಗುಲಾಬಿ ಬಂದ ದಿನದ ತಾರೀಖು ಇತ್ತು, ಇನ್ನೊಂದರಲ್ಲಿ ವಾರದ ನಂತರದ ತಾರೀಖು. ಚೌತಿ ಕಳೆದು ಸ್ಯಾಂಪಲಿನ ಗಾಡಿ ಬರತೊಡಗಿತು ನಿಜ. ಆದರೆ ತುರ್ತಿನ ಸ್ಲೈಡುಗಳೆಲ್ಲ ಇಲ್ಲೇ ಆಗಬೇಕು ಎಂದು ಮ್ಯಾನೇಜರ ಕಾಗದ ಬಂತು. ಸುತ್ತಲಿನ ಕ್ಲಿನಿಕ್ಕುಗಳಿಂದಲೂ ‘ಸುಮತಿಯಕ್ಕ ನೋಡಲಿ’ ಎಂದು ಸ್ಲೈಡು ಬರತೊಡಗಿದವು. ನನಗಿಂತ ಅರ್ಧ ವಯಸ್ಸಿನ ಇಬ್ಬರು ಟೆಕ್ನಿಶಿಯನ್ ಹುಡುಗಿಯರು ಶನಿವಾರ ಬಂದು ಕಲಿತು ಹೋದರು. ಬಣ್ಣದ ಬಾಟಲಿಯನ್ನು ಮೊದಲು ಸೋಸಬೇಕು ಎಂದು ಅವರಿಗೆ ಹೇಳುವಾಗ, ಯಾಕೆ ಎನ್ನುವುದನ್ನೂ ಮುಚ್ಚಿಡದೆ ಹೇಳಿದೆ.

ಎಲ್ಲವೂ ಗೆಲುವೇ ಆಗಿರಲಿಲ್ಲ. ಗುಲಾಬಿ ಎದ್ದು ಕೂತ ಮೇಲೆ ಎಡಗಡೆಯಿಂದ ಮಾತಾಡಿಸಿದರೆ ತಿರುಗುತ್ತಿರಲಿಲ್ಲ. ಆ ಕಾಯಿಲೆ ಬಿಟ್ಟು ಹೋಗುವಾಗ ಕೆಲವರ ಕಿವಿಯನ್ನು ಕೊಂಡೊಯ್ಯುತ್ತದೆ. ಎಡಗಿವಿ ಹೋಗಿತ್ತು. ಇನ್ನೊಂದು ದಿನ ಮೊದಲೇ ಬಂದಿದ್ದರೆ ಎಂದು ಸಮೀನಾ ಡಾಕ್ಟ್ರು ನನ್ನ ಹತ್ತಿರ ಎರಡು ಮೂರು ಸಲ ಹೇಳಿದರು. ಎರಡು ವಾರ ಕಳೆದು ಗುಲಾಬಿಯನ್ನು ಮನೆಗೆ ಕಳಿಸಿದ ದಿನ ನನಗೆ ರಜೆ. ಅವಳು ತನ್ನ ಕಾಲಿನಲ್ಲೇ ಮೆಟ್ಟಿಲಿಳಿದಳು, ದೇವಕಿ ಹಿಂದೆ ಹಿಂದೆ ನಡೆದು ಅವಳ ಸೊಂಟವನ್ನೇ ನೋಡುತ್ತಿದ್ದಳು ಎಂದು ನರ್ಸಮ್ಮ ಹೇಳಿದರು.

ಸೆಪ್ಟೆಂಬರ್ ಕೊನೆಗೆ ಮಳೆ ಹಗುರಾಯಿತು. ದೋಣಿಗಳು ಸಮುದ್ರಕ್ಕಿಳಿದು ಮೀನುಪೇಟೆ ಮತ್ತೆ ತುಂಬಿತು. ಒಂದು ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಹೋದೆ. ಸಾಲಿನ ಎಡತುದಿಯಲ್ಲಿ, ಎಡಭುಜವನ್ನು ಗೋಡೆಗೆ ತಾಗಿಸಿ ಗುಲಾಬಿ ಕೂತಿದ್ದಳು. ಗಿರಾಕಿಗಳೆಲ್ಲ ಬಲಗಡೆಯಿಂದಲೇ ಬರಬೇಕು, ಹಾಗೆ ಜಾಗ ಹಿಡಿದಿದ್ದಳು. ಮುಂದೆ ಬುಟ್ಟಿ ತುಂಬ ಬಂಗಡೆ. ತೂಗುವುದು, ಹಾಕುವುದು, ಪಕ್ಕದವಳ ಜೊತೆ ಜಗಳ, ನಡುವೆ ನಗು. ಸ್ವಲ್ಪ ಹೊತ್ತು ದೂರ ನಿಂತು ನೋಡಿದೆ. ಅವಳು ನನ್ನನ್ನು ಕಂಡಿರಲಿಲ್ಲ. ನಾನು ರಕ್ತ ತೆಗೆದಾಗ ಅವಳಿಗೆ ಮಗಳ ಗುರುತೂ ಇರಲಿಲ್ಲ, ಅವಳಿಗೆ ಎಚ್ಚರ ಬಂದ ಮೇಲೆ ನರ್ಸಮ್ಮನೇ ರಕ್ತ ತೆಗೆದು ಕಳಿಸುತ್ತಿದ್ದರು, ಅವಳ ಹಾಸಿಗೆಯ ಹತ್ತಿರ ನಾನು ಹೋಗಿದ್ದೂ ಇಲ್ಲ.

ಹತ್ತಿರ ಹೋಗಿ ಕೂತೆ. ಬಂಗಡೆಯ ಕಿವಿರು ಎತ್ತಿ ನೋಡಿದೆ, ಕೆಂಪಗಿತ್ತು. ಅವಳು ಎಲೆಯಲ್ಲಿ ಮೀನು ಸುತ್ತುತ್ತ, ಹೊಸ ಗಿರಾಕಿಗಳನ್ನು ಕೇಳುವ ಹಾಗೆ, ‘ಎಲ್ಲಿ ಇರೂದು ಅಕ್ಕ?’ ಎಂದು ಕೇಳಿದಳು.

‘ಇಲ್ಲೇ. ಆಸ್ಪತ್ರೆಲಿ ಕೆಲಸ. ಲ್ಯಾಬಲ್ಲಿ.’

‘ಓ. ರಕ್ತ ತೆಗಿಯುದಾ?’

‘ಹೌದು. ಅದೂ ಮಾಡ್ತೆ’ ಎಂದೆ.

ಅವಳು ತಲೆಯಾಡಿಸಿ, ಎಲೆಯ ಮೇಲೆ ಇನ್ನೊಂದು ಬಂಗಡೆ ಹೆಚ್ಚಿಗೆ ಹಾಕಿ, ಆಗಲೇ ಮುಂದಿನ ಗಿರಾಕಿಯನ್ನು ಕೂಗತೊಡಗಿದ್ದಳು. ಆ ದನಿ ಪೇಟೆಯ ಆಚೆ ತುದಿಯವರೆಗೆ ಕೇಳುತ್ತಿತ್ತು. ಮೀನಿನ ಪೊಟ್ಟಣ ಚೀಲಕ್ಕೆ ಹಾಕಿಕೊಂಡು, ಸ್ವಲ್ಪ ತಲೆಯೆತ್ತಿಕೊಂಡೇ ನಡೆದು ಕೋಣೆಗೆ ಬಂದೆ.